ಕಾಸಬಾರದ ಹಾಲು

"ಕಾಸಬ್ಯಾಡ್ರಿ." ಈ ಒಂದು ಮಾತನ್ನು ನಾಲ್ಕು ವರ್ಷಗಳಲ್ಲಿ ನಾನು ಎಷ್ಟು ಮಂದಿಗೆ ಹೇಳಿದ್ದೇನೆಂದರೆ, ನನ್ನ ಹೆಸರನ್ನೂ ಅಷ್ಟು ಸಲ ಹೇಳಿರಲಾರೆ. ರಾಯಬಾಗದಲ್ಲಿ ಹೇಳಿದ್ದೇನೆ, ಅಥಣಿಯಲ್ಲಿ ಹೇಳಿದ್ದೇನೆ, ಕಾಗವಾಡಕ್ಕೆ ಫೋನು ಹಚ್ಚಿ ಕೂಗಿ ಹೇಳಿದ್ದೇನೆ. ಗಡಿಯ ಕಡೆಯ ಮನೆಗಳಿಗೆ ಕನ್ನಡ ಸಾಲದೆಂದು "ತಾಪವು ನಕಾ" ಎಂದು ಮರಾಠಿಯಲ್ಲೂ ಹೇಳಿ, ಎರಡೂ ಭಾಷೆಯಲ್ಲಿ ಬರೆದ ಚೀಟಿಯನ್ನು ಹಾಲಿನ ಕ್ಯಾನುಗಳಿಗೆ ಅಂಟಿಸಿದ್ದೇನೆ. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು, ಮತ್ತು ಪ್ರೀತಿಯಿಂದಲೇ ಕಾಸಿ ಕಳಿಸಿದರು.

ಕಾಸಬಾರದ್ದು ಎಮ್ಮೆಯ ಗಿಣ್ಣದ ಹಾಲು. ಎಮ್ಮೆ ಈದ ಮೊದಲ ದಿನ ಸಿಗುವ, ಹಳದಿ ಬಣ್ಣದ ಮಂದ ಹಾಲು. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವವಳು. ಕಲಿಸುತ್ತಲೇ ಪಿಎಚ್.ಡಿ. ಮುಗಿಸುತ್ತೇನೆಂದು ಯಾವುದೋ ಹುಮ್ಮಸ್ಸಿನಲ್ಲಿ ಒಪ್ಪಿಕೊಂಡಿದ್ದೆ. ಆ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಒಂದು ಪ್ರೋಟೀನು ಇರುತ್ತದೆ. ರೋಗಾಣುಗಳು ಬೆಳೆಯಲು ಕಬ್ಬಿಣ ಬೇಕು. ಈ ಪ್ರೋಟೀನು ಆ ಕಬ್ಬಿಣವನ್ನು ತಾನೇ ಹಿಡಿದಿಟ್ಟುಕೊಂಡು ಅವಕ್ಕೆ ಸಿಗದಂತೆ ಮಾಡುತ್ತದೆ. ಆಗತಾನೇ ಹುಟ್ಟಿದ ಕರುವನ್ನು ಕಾಯುವುದು ಅದರ ಕೆಲಸ. ಹಾಲಿನೊಳಗಿನ ನೂರೆಂಟು ವಸ್ತುಗಳ ನಡುವಿನಿಂದ ಅದೊಂದನ್ನೇ, ಅದರ ರೂಪ ಕೆಡದಂತೆ, ಬೇರೆ ಮಾಡಿ ತೆಗೆಯುವುದು ನನ್ನ ಕೆಲಸ.

ಎಲ್ಲ ತಾಪತ್ರಯ ಇದ್ದದ್ದು ಆ 'ರೂಪ ಕೆಡದಂತೆ' ಎಂಬುದರಲ್ಲಿ. ಪ್ರೋಟೀನು ಎಂದರೆ ಒಂದು ಉದ್ದನೆಯ ಎಳೆ. ಅದು ತನ್ನದೇ ರೀತಿಯಲ್ಲಿ ಮಡಚಿಕೊಂಡು ಕೂತಿರುತ್ತದೆ. ಆ ಮಡಿಕೆ ಇದ್ದರೆ ಮಾತ್ರ ಅದಕ್ಕೆ ಕಬ್ಬಿಣ ಹಿಡಿಯಲು ಬರುತ್ತದೆ. ಮಡಿಕೆ ಬಿಚ್ಚಿತೋ, ಹೆಸರು ಉಳಿಯುತ್ತದೆ, ಕೆಲಸ ಹೋಗುತ್ತದೆ. ಬೇಯಿಸಿದ ತತ್ತಿಯನ್ನು ಎಷ್ಟು ತಣ್ಣಗೆ ಮಾಡಿದರೂ ಅದು ಮತ್ತೆ ಹಸಿ ತತ್ತಿಯಾಗುವುದಿಲ್ಲವಲ್ಲ, ಹಾಗೆ. ಆದ್ದರಿಂದ ಕಾಸಬಾರದು, ಹುಳಿ ಹಿಂಡಬಾರದು, ನೊರೆ ಬರುವಂತೆ ಕುಲುಕಬಾರದು, ಮೊದಲಿನಿಂದ ಕೊನೆಯವರೆಗೆ ತಣ್ಣಗಿಡಬೇಕು.

ತಣ್ಣಗಿಡಲು ಬೇರೆಯವರ ಬಳಿ ಶೀತಕೋಣೆ ಇರುತ್ತದೆ. ನಮ್ಮ ಬಳಿ ಇದ್ದದ್ದು ಗಾಜಿನ ಬಾಗಿಲಿನ ಒಂದು ಫ್ರಿಜ್ಜು. ನಿಪ್ಪಾಣಿಯಲ್ಲಿ ಯಾವುದೋ ತಂಪು ಪಾನೀಯದ ಅಂಗಡಿ ಮುಚ್ಚಿದಾಗ ಅದು ನಮ್ಮ ಕಾಲೇಜಿಗೆ ಬಂದಿತ್ತು. ಬಾಗಿಲಿನ ಮೇಲೆ ಬಾಟಲಿ ಹಿಡಿದು ನಗುವ ಹುಡುಗಿಯ ಚಿತ್ರ ಹಾಗೇ ಇತ್ತು. ನನ್ನ ಪ್ರಯೋಗ ಕೆಟ್ಟಾಗಲೆಲ್ಲ ಆ ಹುಡುಗಿಯ ನಗು ಕಂಡು ನನಗೆ ಮೈ ಉರಿಯುತ್ತಿತ್ತು. ಕರೆಂಟು ಹೋದಾಗ ಬಾಗಿಲು ತೆಗೆಯಬಾರದು ಎಂದು ಅದಕ್ಕೂ ಒಂದು ಚೀಟಿ ಅಂಟಿಸಿದ್ದೆ. ಕರೆಂಟು ಹೋದ ಕೂಡಲೇ ಒಳಗೆ ತಂಪು ಉಳಿದಿದೆಯೋ ಇಲ್ಲವೋ ಎಂದು ಬಾಗಿಲು ತೆಗೆದು ನೋಡುವವರು ನಮ್ಮ ಲ್ಯಾಬಿನ ಶಿಪಾಯಿ. ನಿಪ್ಪಾಣಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ, ನಿವೃತ್ತಿ ಹತ್ತಿರವಾಗಿದ್ದ ಅವರನ್ನು ಕಾಲೇಜಿಗೆ ಕಾಲೇಜೇ ಚಾಚಾ ಎನ್ನುತ್ತಿತ್ತು. "ತಂಪ ಐತ್ರಿ ಮೇಡಮ್, ನೋಡಿದೆ" ಎಂದು ಅವರು ಹೇಳಿದಾಗ ನಾನು ಏನು ಹೇಳಬೇಕು?

ನನ್ನ ಅವಧಿ ಎರಡು ಸಲ ವಿಸ್ತರಣೆಯಾಗಿತ್ತು. ಕೊನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಮಾರ್ಗದರ್ಶಕರು ಫೋನು ಮಾಡಿದರು. ಅವರು ಬೈಯುವವರಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಡಿಸೆಂಬರ್ ಮುಗ್ಯೂದ್ರಾಗ ಪ್ರೋಟೀನ ನನ್ನ ಟೇಬಲ್ ಮ್ಯಾಲ ಇರಬೇಕ್ರಿ, ಮೇಡಮ್. ಅದು ಬ್ಯಾಕ್ಟೀರಿಯಾ ತಡದ್ದನ್ನ ನಾನ ಕಣ್ಣಾರೆ ನೋಡಬೇಕು. ಇಲ್ಲಂದ್ರ ನೋಂದಣಿ ರದ್ದಾಕ್ಕೈತಿ. ನನ್ನ ಕೈಯಾಗ ಏನೂ ಉಳದಿಲ್ಲ."

ನನಗಾಗ ನಲವತ್ತೆರಡು ವರ್ಷ. ಮತ್ತೆ ಹೊಸದಾಗಿ ಹೆಸರು ನೋಂದಾಯಿಸಿ ಮೊದಲಿನಿಂದ ಶುರು ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಒಂದು ಒಳ್ಳೆಯ ಗಿಣ್ಣದ ಹಾಲು, ಕೇವಲ ಎರಡು ಲೀಟರ್, ಕಾಸದೆ ನನ್ನ ಕೈಗೆ ಸಿಕ್ಕರೆ ಸಾಕು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಮನೆಗೆ ಎರಡು ಎಮ್ಮೆ ಇರುವ ನಾಡಿನಲ್ಲಿ ಇದೇನು ದೊಡ್ಡ ಮಾತು ಎಂದುಕೊಂಡಿದ್ದೆ.

ರಾಯಬಾಗದಿಂದ ಮೊದಲು ಬಂತು, ನನ್ನ ಸಹೋದ್ಯೋಗಿಯೊಬ್ಬರ ಅಕ್ಕನ ಮನೆಯಿಂದ. ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದರೆ ಏಲಕ್ಕಿಯ ವಾಸನೆ. ಬೆಲ್ಲ ಹಾಕಿ, ಹಬೆಯಲ್ಲಿ ಬೇಯಿಸಿ, ಚೌಕಾಕಾರವಾಗಿ ಕೊಯ್ದು, ಮೇಲೆ ಒಂದಿಷ್ಟು ಜಾಜಿಕಾಯಿಯನ್ನೂ ಉದುರಿಸಿ ಕಳಿಸಿದ್ದರು. ಫೋನು ಮಾಡಿ ಕೇಳಿದೆ.

"ನಿಮಗ ಹಸೀದು ಹ್ಯಾಂಗ ಕಳಸೂದ್ರಿ? ಕಾಲೇಜಿನ ಮೇಡಮ್ ಅವ್ರಿಗೆ ಹಸೀ ಹಾಲ ಕಳಿಸ್ಯಾರ ಅಂದ್ರ ಮಂದಿ ನಮಗೇನಂದಾರು?" ಎಂದರು ಆ ಅಕ್ಕ. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿಂದರು. ನಾನೂ ಎರಡು ತುಂಡು ತಿಂದೆ. ಬಹಳ ರುಚಿಯಾಗಿತ್ತು, ಅದರಿಂದ ನನ್ನ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಅಥಣಿಯ ಮನೆಯವರು ಜಾಣರು, ಹಾಲನ್ನು ಹಾಲಾಗಿಯೇ ಕಳಿಸಿದರು. ಕ್ಯಾನಿನ ಅಂಚಿಗೆ ಮಾತ್ರ ಗಟ್ಟಿ ಗಟ್ಟಿ ಹೆಪ್ಪುಗಳು ಅಂಟಿಕೊಂಡಿದ್ದವು. ಬೆಂಕಿ ಕಂಡ ಗಿಣ್ಣದ ಹಾಲಿಗೆ ಅದೇ ಗುರುತು. "ಕಾಸಿಲ್ರಿ, ದೇವರಾಣಿ ಕಾಸಿಲ್ಲ. ಮಳೀ ದಿನ ಅಂತ ಸುಮ್ಮ ಒಲಿ ಮ್ಯಾಲ ಇಟ್ಟ ಇಳಿಸೇವಿ" ಎಂದರು. ಒಲೆಯ ಮೇಲೆ ಇಟ್ಟು ಇಳಿಸುವುದಕ್ಕೂ ಕಾಸುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಮೂರನೆಯದು ಕಾಗವಾಡದ ಹಾಲು. ನಿಜವಾಗಿಯೂ ಯಾರೂ ಕಾಸದ ಹಾಲು. ಬರ್ಫದ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿ ಕಳಿಸಿದ್ದರು. ನಾಜೂಕಿನ ಸಾಮಾನು ಎಂದು ನಾನೇ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ. ಕಂಡಕ್ಟರು ಅದನ್ನು ಓದಿ, ಹಿಂದೆ ಇಟ್ಟರೆ ಉರುಳೀತೆಂದು, ಡ್ರೈವರನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಇಟ್ಟು, ಚಿಕ್ಕೋಡಿಯವರೆಗೂ ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಬಂದಿದ್ದರು. ಪೆಟ್ಟಿಗೆ ಇಳಿಸಿಕೊಂಡಾಗ ಬರ್ಫವೆಲ್ಲ ನೀರಾಗಿ, ಆ ನೀರು ಸ್ನಾನಕ್ಕೆ ಬರುವಷ್ಟು ಬಿಸಿಯಾಗಿತ್ತು. "ಒಂದ ಹನಿ ಚೆಲ್ಲಿಲ್ಲ ನೋಡ್ರಿ" ಎಂದರು. ನಾನು ಅವರಿಗೆ ಕೈಮುಗಿದೆ. ಅವರು ಅದನ್ನು ಕೃತಜ್ಞತೆ ಎಂದುಕೊಂಡರು.

ಅವತ್ತೇ ನಾನು ಯಾರನ್ನೂ ನಂಬಬಾರದೆಂದು ತೀರ್ಮಾನಿಸಿದೆ. ಎಮ್ಮೆ ಈಯುವಾಗ ನಾನೇ ಹೋಗಿ ನಿಲ್ಲಬೇಕು. ಕರೆಯುವುದನ್ನು ನೋಡಬೇಕು, ಕ್ಯಾನಿಗೆ ಬೀಳುವುದನ್ನು ನೋಡಬೇಕು, ನನ್ನ ಕೈಯಾರೆ ಬರ್ಫದಲ್ಲಿಟ್ಟು ನನ್ನ ಕಾರಿನಲ್ಲಿ ತರಬೇಕು. ಈ ತೀರ್ಮಾನದಲ್ಲಿ ಯಾವ ತಪ್ಪೂ ನನಗೆ ಕಾಣಲಿಲ್ಲ.

ನನ್ನ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಕೃಷ್ಣೆಯ ದಂಡೆಯ ಜುಗೂಳದಲ್ಲಿ ಎಮ್ಮೆ ಸಾಕಿದ್ದರು. ಊರಿಗೆಲ್ಲ ಆಯಿ, ನನಗೂ ಆಯಿಯೇ ಆದಳು. ಅಕ್ಟೋಬರಿನಲ್ಲಿ ಹೋಗಿ ಮಾತಾಡಿಸಿದೆ.

"ಯಾರ ಕುಡ್ಯಾಕ ಬೇಕ ಹಾಲ?" ಎಂದು ಕೇಳಿದಳು.

"ಕುಡ್ಯಾಕ ಅಲ್ಲ ಆಯಿ. ಲ್ಯಾಬಿನ್ಯಾಗ ಕೆಲಸ ಐತಿ."

"ಕುಡ್ಯೂದಿಲ್ಲ, ತಿನ್ನೂದಿಲ್ಲ. ಮತ್ತ ಗಿಣ್ಣ ಯಾಕ?"

ನಾನು ಕಬ್ಬಿಣ, ರೋಗಾಣು, ಕರು ಎಂದೆಲ್ಲ ಹೇಳಿದೆ. ಅವಳಿಗೆ ಕರು ಎಂಬುದೊಂದು ಹಿಡಿಸಿತು. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದರೆ ಎರಡು ಲೀಟರ್ ಕೊಡುವುದಾಗಿ ಒಪ್ಪಿದಳು. ಕಾಸಬಾರದು ಎಂದೆ. "ಕಾಸೂದಿಲ್ಲ ಯವ್ವಾ" ಎಂದಳು. ಇನ್ನೊಮ್ಮೆ ಹೇಳಿದೆ. ಅವಳು ನನ್ನ ಮುಖ ನೋಡಿ, "ಒಮ್ಮೆ ಹೇಳಿದ್ರ ನನಗ ತಿಳೀತೈತಿ" ಎಂದಳು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮೂರನೆಯ ಸಲವೂ ಹೇಳಿ ಬಂದೆ.

ನವೆಂಬರಿನ ಒಂದು ಬೆಳಿಗ್ಗೆ ಹುಡುಗಿಯ ಫೋನು ಬಂತು. ಎಮ್ಮೆಗೆ ನೋವು ಶುರುವಾಗಿದೆ ಎಂದಳು. ಕಾಲೇಜಿಗೆ ರಜೆ ಹೇಳಿ, ಬರ್ಫದ ಪೆಟ್ಟಿಗೆ ಹಾಕಿಕೊಂಡು, ಅಂಕಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಜುಗೂಳ ಮುಟ್ಟುವ ಹೊತ್ತಿಗೆ ಕರು ಹುಟ್ಟಿಯಾಗಿತ್ತು. ಒದ್ದೆ ಮೈಯ ಎಳೆ ಕರು, ಕಾಲ ಮೇಲೆ ನಿಲ್ಲಲು ಒದ್ದಾಡುತ್ತಿತ್ತು. ಪುಣ್ಯಕ್ಕೆ ಹಾಲು ಇನ್ನೂ ಕರೆದಿರಲಿಲ್ಲ.

ನಾನು ಎಮ್ಮೆಯಿಂದ ಮೂರು ಅಡಿ ದೂರದಲ್ಲಿ ಗೂಟ ಹೊಡೆದಂತೆ ನಿಂತೆ. ಕರು ಕುಡಿಯಿತು, ನೋಡಿದೆ. ಆಯಿ ಕೆಚ್ಚಲು ತೊಳೆದಳು, ನೋಡಿದೆ. ತೊಳೆದ ನೀರು ಬಿಸಿಯೋ ತಣ್ಣಗೋ ಎಂದು ಬೆರಳದ್ದಿಯೂ ನೋಡಿದೆ. ಹಾಗೆಯೇ ಎರಡು ತಾಸು ಹೋಯಿತು.

"ಒಳಗ ಬಾ, ಕೂತ ಚಾ ಕುಡಿ" ಎಂದಳು ಆಯಿ.

"ಬ್ಯಾಡ ಆಯಿ. ಇಲ್ಲೇ ನಿಂತಿರ್ತೀನಿ."

"ಬಿಸಲಾಗ ಯಾಕ ನಿಂತಿ? ಎಮ್ಮಿ ಎಲ್ಲಿಗೂ ಓಡಿ ಹೋಗೂದಿಲ್ಲ."

"ಇರ್ಲಿ ಆಯಿ."

ಅವಳು ಹಾಲು ಕರೆದು ನನ್ನ ಕ್ಯಾನಿಗೆ ಸುರಿದಳು. ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಿಕೊಡುತ್ತೇನೆಂದು ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಅಡುಗೆಮನೆ ಎಂದರೆ ಬೆಂಕಿ. ಹಿಂದೆಯೇ ಹೋದೆ. ಗ್ಯಾಸಿನ ಒಲೆ ಆರಿತ್ತು. ಆದರೂ ಬಿಡದೆ, ಕಟ್ಟೆಯ ಹತ್ತಿರ ಹೋಗಿ ಒಲೆಯ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ತಿರುಗುವಷ್ಟರಲ್ಲಿ ಆಯಿ ಬಟ್ಟೆ ಕಟ್ಟಿ ಮುಗಿಸಿ ಕ್ಯಾನು ನನ್ನ ಕೈಗೆ ಕೊಟ್ಟಳು. ಗೆದ್ದೆನೆಂಬ ಖುಷಿಯಲ್ಲಿ ನಾನು ಚಹವನ್ನೂ ಕುಡಿಯದೆ ಹೊರಟೆ.

ಲ್ಯಾಬಿನಲ್ಲಿ ಚಾಚಾ ಎಲ್ಲ ತೊಳೆದು ತಯಾರಿಟ್ಟಿದ್ದರು. ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿದಾಗ ಬಟ್ಟೆಯ ಮೇಲೆ ಒಂದು ಇದ್ದಲಿಯ ಚೂರು ಉಳಿಯಿತು. ಹಳ್ಳಿ ಮನೆಯ ಕಸ, ಒಲೆಯದ್ದೇನೋ ಬಿದ್ದಿದೆ ಎಂದು ಗೊಣಗುತ್ತ ಬಟ್ಟೆ ಸಮೇತ ಮೂಲೆಗೆ ಎಸೆದೆ. ಕೆನೆ ತೆಗೆದೆ. ಆಮೇಲೆ ಹುಳಿ ಹಿಂಡದೆ, ಚೀಸ್ ಮಾಡುವವರು ಬಳಸುವ ಕಿಣ್ವ ಹಾಕಿ ಹಾಲನ್ನು ಮೆಲ್ಲಗೆ ಹೆಪ್ಪುಗಟ್ಟಿಸಿ, ತಿಳಿನೀರನ್ನು ಬೇರೆ ಮಾಡಬೇಕು. ಅವತ್ತು ಹೆಪ್ಪುಗಟ್ಟಲು ಎಂದಿಗಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ಕಿಣ್ವ ಹಳೆಯದಾಗಿದೆ ಎಂದು ಅದನ್ನು ಕೊಟ್ಟ ಅಂಗಡಿಯವನಿಗೂ ನಾಲ್ಕು ಬೈದೆ.

ಮರುದಿನ ಆ ತಿಳಿನೀರನ್ನು ಕೊಳವೆಯ ಮೂಲಕ ಇಳಿಸಿದೆ. ಮೊಳದುದ್ದದ ಗಾಜಿನ ಕೊಳವೆ, ಒಳಗೆ ಸಣ್ಣ ಸಣ್ಣ ಬಿಳಿ ಮಣಿಗಳು. ಹಾಲಿನ ಬೇರೆಲ್ಲ ಪ್ರೋಟೀನುಗಳು ಮಣಿಗಳ ನಡುವಿನಿಂದ ಇಳಿದು ಕೆಳಗಿನ ಬಾಟಲಿಗೆ ಬೀಳುತ್ತವೆ. ಲ್ಯಾಕ್ಟೋಫೆರಿನ್ ಮಾತ್ರ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ಉಪ್ಪುನೀರು ಹಾಯಿಸಿದರೆ ಆ ಹಿಡಿತ ಸಡಿಲವಾಗಿ ಅದೊಂದೇ ಶುದ್ಧವಾಗಿ ಹೊರಗೆ ಬರುತ್ತದೆ. ಬೆಂಕಿಯಿಲ್ಲ, ಹುಳಿಯಿಲ್ಲ, ಜಬರದಸ್ತಿಯಿಲ್ಲ. ಎಲ್ಲ ಸರಿಯಿದ್ದರೆ ಕೊಳವೆಯ ಮೇಲ್ಭಾಗದಲ್ಲಿ ಬೆರಳಗಲದ ನಸುಗೆಂಪು ಪಟ್ಟಿ ಕಾಣಬೇಕು. ಅಂಗಡಿಯಿಂದ ತರಿಸಿದ ಶುದ್ಧ ಪ್ರೋಟೀನಿನ ಚೂರನ್ನು ಇಳಿಸಿ ಆ ಪಟ್ಟಿಯನ್ನು ಎಷ್ಟೋ ಸಲ ನೋಡಿದ್ದೆ.

ಪಟ್ಟಿ ಕಾಣಲಿಲ್ಲ. ಬಿಳಿ ಮಣಿಗಳು ಬಿಳಿಯಾಗಿಯೇ ಇದ್ದವು. ಬೆಳಕಿನ ತಪ್ಪಿರಬೇಕೆಂದು ಟ್ಯೂಬ್‌ಲೈಟ್ ಹಾಕಿ ನೋಡಿದೆ, ಕಿಟಕಿ ತೆರೆದು ನೋಡಿದೆ. ಮೂರನೆಯ ದಿನ ಉಪ್ಪುನೀರನ್ನೂ ಹಾಯಿಸಿದೆ. ಬಂದದ್ದು ಬರೀ ಉಪ್ಪುನೀರು. ಫ್ರಿಜ್ಜಿನ ಹುಡುಗಿ ನಗುತ್ತಲೇ ಇದ್ದಳು.

ಆಯಿಗೆ ಫೋನು ಮಾಡಿದೆ. ನನ್ನ ದನಿ ಹೇಗಿತ್ತೆಂದು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

"ಆಯಿ, ಖರೇ ಹೇಳ. ನೀ ಹಾಲ ಕಾಸಿದಿ ಏನ?"

"ನೀನ ಒಲಿ ಮುಟ್ಟಿ ನೋಡಿ ಹೋಗಿಯಲ್ಲ ಯವ್ವಾ."

"ನಾ ಬರೂಕಿಂತ ಮೊದಲ ಕರದಿಟ್ಟ ಹಾಲ ಕೂಡಿಸಿದಿ ಏನ?"

"ಇಲ್ಲ."

"ನೀರೇನರೆ ಬೆರಸಿದಿ?"

"ನಾವ ಹಾಲಿಗೆ ನೀರ ಬೆರಸು ಮಂದಿ ಅಲ್ಲ" ಎಂದು ಹೇಳಿ ಫೋನು ಇಟ್ಟಳು. ಅವಳಿಗೆ ನೋವಾಯಿತೆಂದು ಗೊತ್ತಾಯಿತು. ಆದರೆ ಆಗ ನನಗೆ ನನ್ನದೇ ನೋವು ದೊಡ್ಡದಾಗಿತ್ತು. ಕೊಳವೆಯಿಂದ ಇಳಿದುಬಿದ್ದ ನೀರಿನ ಬಾಟಲಿಗಳನ್ನು ಚಾಚಾಗೆ ತೋರಿಸಿ, ಎಲ್ಲ ಚೆಲ್ಲಿಬಿಡಿ ಎಂದು ಹೇಳಿ ಮನೆಗೆ ಹೋದೆ. ಮನೆಯಲ್ಲಿ ಊಟವಾಯಿತೇ ಎಂದು ಕೇಳಿದವರ ಮೇಲೂ ಹರಿಹಾಯ್ದೆ. ಮಾರ್ಗದರ್ಶಕರಿಗೆ ಏನೆಂದು ಬರೆಯಬೇಕೆಂದು ಯೋಚಿಸುತ್ತ ಕೂತಾಗ ಅಳು ಬಂತು. ಅದು ದುಃಖದ ಅಳುವೂ ಅಲ್ಲ, ಬರೀ ಬೇಸತ್ತು ಬಂದ ಅಳು.

ಮರುದಿನ ಲ್ಯಾಬಿಗೆ ಹೋಗಿ ಸಾಮಾನು ಎತ್ತಿಡತೊಡಗಿದೆ. ಮೂಲೆಯಲ್ಲಿ ಬಿದ್ದ ಸೋಸುವ ಬಟ್ಟೆಯನ್ನು ಕೊಡವಿದಾಗ ಆ ಇದ್ದಲಿಯ ಚೂರು ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಕಸದಂತೆ ಪುಡಿಪುಡಿಯಾಗಿರಲಿಲ್ಲ, ಹುಣಸೆ ಬೀಜದಷ್ಟು ದೊಡ್ಡದು, ನುಣುಪಾಗಿತ್ತು. ಆಯಿಯ ಮನೆಯಲ್ಲಿ ಗ್ಯಾಸಿನ ಒಲೆ. ನಾನೇ ಅಂಗೈ ಇಟ್ಟು ನೋಡಿದ ಒಲೆ. ಅಲ್ಲಿ ಇದ್ದಲಿ ಎಲ್ಲಿಂದ ಬಂತು?

ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನನಗೆ ನಾನು ಹುಟ್ಟಿ ಬೆಳೆದ ಊರು ಭೋಜದ ನಮ್ಮ ಮನೆ ನೆನಪಾಯಿತು. ನನ್ನವ್ವ ಪಕ್ಕದ ಮನೆಗೆ ಒಂದು ಚೊಂಬು ಹಾಲು ಕೊಡಬೇಕಾದರೂ ಹಾಗೇ ಕೊಟ್ಟವಳಲ್ಲ. ಹೊಸ್ತಿಲ ಹತ್ತಿರ ನಿಂತು, ಸೆರಗಿನ ಮರೆಯಲ್ಲಿ, ಒಂದು ಇದ್ದಲಿಯ ಚೂರು ಮತ್ತು ಎರಡು ಹರಳು ಉಪ್ಪು ಹಾಲಿಗೆ ಹಾಕುವಳು. ಹೊರಗಿನವರ ದೃಷ್ಟಿ ಹಾಲಿನ ಮೇಲೆ ಬಿದ್ದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂದು. ಹಾಲು ಒಯ್ದು ಕೊಡುತ್ತಿದ್ದವಳು ನಾನೇ. ಎಷ್ಟು ಸಲ ಒಯ್ದಿದ್ದೇನೋ. ಇದ್ದಲಿ ಒಂದೇ ಎಂದಾದರೂ ಇರುತ್ತದೆಯೇ? ಅದರ ಜೊತೆ ಉಪ್ಪು ಇರಲೇಬೇಕು.

ಉಪ್ಪು. ಮಣಿಗಳಿಂದ ಲ್ಯಾಕ್ಟೋಫೆರಿನನ್ನು ಬಿಡಿಸುವುದು ಉಪ್ಪು. ಮೊದಲಿಗೇ ಹಾಲಿನಲ್ಲಿ ಉಪ್ಪಿದ್ದರೆ ಅದು ಮಣಿಗಳಿಗೆ ಅಂಟುವುದೇ ಇಲ್ಲ. ಉಳಿದದ್ದರ ಜೊತೆ ಸೀದಾ ಕೆಳಗಿನ ಬಾಟಲಿಗೆ ಇಳಿದುಹೋಗುತ್ತದೆ. ಹೆಪ್ಪು ನಿಧಾನವಾಗಿ ಗಟ್ಟಿಯಾದದ್ದೂ ಅದಕ್ಕೇ. ಅಂದರೆ ಪ್ರೋಟೀನು ಕೆಟ್ಟಿರಲಿಲ್ಲ. ನಾನು ಚೆಲ್ಲಿಬಿಡಿ ಎಂದ ನೀರಿನಲ್ಲಿ, ಒಂದು ಮಡಿಕೆಯೂ ಬಿಚ್ಚದೆ, ಹಾಗೇ ಇತ್ತು.

"ಚಾಚಾ, ಆ ಬಾಟ್ಲಿ ನೀರ?" ಎಂದು ಕೇಳಿದೆ.

ಚಾಚಾ ತಲೆ ತಗ್ಗಿಸಿದರು. "ಸಿಟ್ಟಾಗಬ್ಯಾಡ್ರಿ ಮೇಡಮ್. ಚೆಲ್ಲಿಲ್ರಿ. ಹಾಲಿಂದು ಅಲ್ರಿ ಅದು, ಗಟಾರಕ್ಕ ಹಾಕಾಕ ಕೈ ಬರಲಿಲ್ಲ. ಹೋಗೂ ಮುಂದ ಬೇವಿನ ಗಿಡದ ಬುಡಕ್ಕ ಹಾಕೂಣು ಅಂತ ಫ್ರಿಜ್‌ನ್ಯಾಗ ಇಟ್ಟಿದ್ದೆ. ಬಸ್ಸಿನ ಟೈಮ್ ಆತು, ಮರ್ತ ಹೋದೆ. ಈಗ ಹಾಕ್ತೀನ್ರಿ."

ನಾಲ್ಕು ವರ್ಷ ಈ ಮನುಷ್ಯನ ಮರೆವಿಗೆ ನಾನು ಹಲ್ಲು ಕಡಿದಿದ್ದೆ. ಈಗ ಅವರ ಕೈಯಿಂದ ಬಾಟಲಿಗಳನ್ನು ಕಸಿದುಕೊಳ್ಳುವಂತೆ ತೆಗೆದುಕೊಂಡೆ. ಉಪ್ಪಿನಂಶ ಅಳೆಯುವ ಮೀಟರು ನಮ್ಮಲ್ಲಿತ್ತು. ಅದು ಕೆಟ್ಟು ಒಂದು ವರ್ಷವಾಗಿತ್ತು, ರಿಪೇರಿಯ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲಿತ್ತು. ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಹಾಕಬೇಡಿ ಎಂದು ಪ್ರತಿ ವರ್ಷ ಮೊದಲ ದಿನವೇ ಹುಡುಗರಿಗೆ ಹೇಳುವವಳು ನಾನು. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ. ಸಾರಿಗಿಂತ ಉಪ್ಪಾಗಿತ್ತು. ಎರಡು ಹರಳಿನ ಉಪ್ಪಲ್ಲ, ಹಿಡಿ ತುಂಬ ಹಾಕಿದ ಉಪ್ಪು.

ಬೆಂಕಿಯ ತಪ್ಪಿಗೆ ಮದ್ದಿಲ್ಲ, ಉಪ್ಪಿನ ತಪ್ಪಿಗೆ ಇದೆ. ಉಪ್ಪು ಹೊರಗೆ ಹೋಗುವಂತಹ, ಪ್ರೋಟೀನು ಹೋಗಲಾರದಂತಹ ತೆಳು ಪೊರೆಯ ಚೀಲಗಳಿರುತ್ತವೆ. ಆ ನೀರನ್ನು ಅವುಗಳಲ್ಲಿ ತುಂಬಿ, ಎರಡೂ ತುದಿ ದಾರದಿಂದ ಕಟ್ಟಿ, ಸ್ಟೀಲಿನ ಬೋಗುಣಿಯ ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟೆವು. ಕೆಲವು ತಾಸಿಗೊಮ್ಮೆ ನೀರು ಬದಲಿಸಬೇಕು. ಎರಡು ದಿನ ನಾನೂ ಚಾಚಾನೂ ಪಾಳಿ ಹಾಕಿಕೊಂಡು ಬದಲಿಸಿದೆವು. ಆ ಎರಡು ದಿನ ಅವರು ಕರೆಂಟು ಹೋದರೂ ಬಾಗಿಲು ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತು, ಬಂದವರನ್ನೆಲ್ಲ ಓಡಿಸಿದರು.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಕೊಳವೆಗೆ ಇಳಿಸಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿ ಮಣಿಗಳ ಮೇಲ್ತುದಿಗೆ ಸ್ವಲ್ಪ ಬಣ್ಣ ಬಂದಂತಾಯಿತು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಬಾರದೆ ಚಾಚಾನನ್ನು ಕರೆದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಕೆಂಪ ಆಗಾಕತ್ತೈತ್ರಿ" ಎಂದರು. ಸಂಜೆಯ ಹೊತ್ತಿಗೆ ಬೆರಳಗಲದ ಪಟ್ಟಿ ನಿಂತಿತ್ತು. ಉಪ್ಪುನೀರು ಹಾಯಿಸಿದಾಗ ಆ ಪಟ್ಟಿ ಮೆಲ್ಲಗೆ ಇಳಿದು, ತೊಟ್ಟು ತೊಟ್ಟಾಗಿ ಸಣ್ಣ ನಳಿಕೆಗಳಿಗೆ ಬಿತ್ತು.

ಡಿಸೆಂಬರಿನ ಎರಡನೆಯ ವಾರ ಅದನ್ನು ಬರ್ಫದಲ್ಲಿಟ್ಟು ಮಾರ್ಗದರ್ಶಕರ ಬಳಿ ಒಯ್ದೆ. ಯಾರ ಕೈಗೂ ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡೇ ಹೋದೆ. ಬ್ಯಾಕ್ಟೀರಿಯಾ ಹಚ್ಚಿದ ತಟ್ಟೆಯ ನಡುವೆ ಅದರ ಹನಿ ಹಾಕಿಟ್ಟರು. ಮರುದಿನ ನೋಡಿದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು ಮಸುಕಾಗಿತ್ತು. ಹನಿ ಬಿದ್ದ ಜಾಗದ ಸುತ್ತ ಮಾತ್ರ ಗುಂಡಗೆ, ಸ್ವಚ್ಛವಾಗಿ, ಏನೂ ಬೆಳೆದಿರಲಿಲ್ಲ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಬರಿಯಾಕ ಕೂಡ್ರಿ ಇನ್ನ" ಎಂದರು. ನನ್ನ ನೋಂದಣಿ ಉಳಿಯಿತು.

ಸಂಕ್ರಾಂತಿಯ ಮುಂಚೆ ಜುಗೂಳಕ್ಕೆ ಹೋದೆ. ಕ್ಷಮೆ ಕೇಳಬೇಕಿತ್ತು, ಆದರೆ ನಿಜ ಹೇಳಬೇಕೆಂದರೆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂದು ಹಿಡಿ ಉಪ್ಪು ನನ್ನ ನಾಲ್ಕು ವರ್ಷವನ್ನು ಗಟಾರಕ್ಕೆ ಹಾಕುವುದರಲ್ಲಿತ್ತು. ಆಯಿ ಹಟ್ಟಿಯಲ್ಲಿ ಕರುವಿನ ಕೊರಳು ಕೆರೆಯುತ್ತ ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ಹಾಲಿಗೆ ನೀರು ಬೆರೆಸಿದಿಯಾ ಎಂದು ನಾನು ಕೇಳಬಾರದಿತ್ತು ಎಂದೆ. "ಹೋಗ್ಲಿ ಬಿಡ" ಎಂದಳು.

ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. "ಹಾಲಿಗೆ ಉಪ್ಪ ಹಾಕಿದ್ದಿ ಅಲ್ಲ ಆಯಿ?"

"ಹಾಕದ ಹ್ಯಾಂಗ ಕೊಡೂದು? ಹಾಲ ಮನೀ ಬಿಟ್ಟ ಹೋಗಾಕತ್ತಿತ್ತು. ನದರ ತಾಗಬಾರ್ದಂತ ಹಾಕ್ತೀವಿ. ಇದ್ದಲೀನೂ ಅದಕ್ಕಂತ ಡಬ್ಬಿಯಾಗ ಇಟ್ಟಿರ್ತೀನಿ."

"ಮತ್ತ ಫೋನಿನ್ಯಾಗ ಹೇಳಲಿಲ್ಲ?"

"ನೀ ಕಾಸಿದಿ ಏನ ಅಂದಿ, ನೀರ ಬೆರಸಿದಿ ಏನ ಅಂದಿ. ಉಪ್ಪ ಕೇಳಿದಿ ಏನ?"

ಕೇಳಿರಲಿಲ್ಲ. ಆದರೂ ನನ್ನ ವಾದ ಬಿಡಲಿಲ್ಲ. "ನಮ್ಮವ್ವನೂ ಹಾಕ್ತಿದ್ಲು, ಎರಡ ಹರಳ. ಎರಡ ಹರಳ ಹಾಕಿದ್ರ ನನ್ನ ಕೆಲಸಕ್ಕ ಏನೂ ಆಗತಿದ್ದಿಲ್ಲ. ನೀ ಹಿಡಿ ತುಂಬ ಯಾಕ ಹಾಕಿದಿ?"

ಆಯಿ ಕರುವಿನ ಕೊರಳಿನಿಂದ ಕೈ ತೆಗೆದು ನನ್ನನ್ನು ನೋಡಿದಳು. ಹೇಳಲೋ ಬೇಡವೋ ಎಂದು ಅಳೆಯುವಂತಿತ್ತು.

"ಎಲ್ಲಾರ್ಗೂ ಎರಡ ಹರಳ ಹಾಕ್ತೀನಿ ಯವ್ವಾ. ನೀ ಅವತ್ತ ಎರಡ ತಾಸ ಕಣ್ಣ ಪಿಳಕಿಸದ ನಿಂತಿದ್ದಿ. ಎಮ್ಮಿ ನೋಡಿದಿ, ಕೆಚ್ಚಲ ನೋಡಿದಿ, ಕರಾ ನೋಡಿದಿ. ಕೂಡ ಅಂದ್ರ ಕೂಡಲಿಲ್ಲ, ಚಾ ಅಂದ್ರ ಕುಡೀಲಿಲ್ಲ. ನನ್ನ ಒಲೀನೂ ಮುಟ್ಟಿ ನೋಡಿದಿ. ಅಂಥಾ ನದರಿಗೆ ಎರಡ ಹರಳ ಸಾಲ್ತಾವೇನ?"

ನಾಲ್ಕು ವರ್ಷ ನಾನು ಕಾಸಿದವರ ಮೇಲೆಲ್ಲ ರೇಗಿದ್ದೆ. ಹೇಳಿದ್ದನ್ನು ಹೇಳಿದಂತೆ ನಡೆಸಿ, ಬಿಸಿ ಕಾಣದ ಹಾಲನ್ನು ನನ್ನ ಕೈಗಿಟ್ಟವಳು ಇವಳೊಬ್ಬಳೇ. ಅವಳ ಹಟ್ಟಿಯಲ್ಲಿ ನಿಂತು ನಾನು ಅವಳನ್ನು ಕಳ್ಳಿಯನ್ನು ಕಾಯುವಂತೆ ಕಾದಿದ್ದೆ. ಅವಳು ನನ್ನಿಂದ ತನ್ನ ಎಮ್ಮೆಯನ್ನು ಕಾಪಾಡಿಕೊಂಡಿದ್ದಳು. ಬಹಳ ನಾಚಿಕೆಯಾಯಿತು. ಅವತ್ತು ಚಹ ಕೊಟ್ಟಾಗ ಎರಡು ಕಪ್ಪು ಕುಡಿದೆ.

ಪ್ರಬಂಧದಲ್ಲಿ ಹಾಲು ಸಂಗ್ರಹಿಸಿದ ವಿಧಾನ ಬರೆಯುವ ಜಾಗವಿರುತ್ತದೆ. ಅಲ್ಲಿ ಕಾಸಬಾರದು, ಕುಲುಕಬಾರದು, ತಣ್ಣಗಿಡಬೇಕು ಎಂದು ಬರೆದಿದ್ದೇನೆ. ಉಳಿದದ್ದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಈಗಲೂ ಆಯಿಯ ಎಮ್ಮೆ ಈದಾಗ ನನಗೆ ಫೋನು ಬರುತ್ತದೆ. ಹೋಗುತ್ತೇನೆ, ಕ್ಯಾನನ್ನು ಅವಳ ಕೈಗೆ ಕೊಟ್ಟು ಒಳಗೆ ಹೋಗಿ, ಹಟ್ಟಿಗೆ ಬೆನ್ನು ಮಾಡಿ ಕೂತು ಚಹ ಕುಡಿಯುತ್ತೇನೆ. ಆಯಿ ಎರಡೇ ಹರಳು ಹಾಕುತ್ತಾಳೆ.